ಗಾರೆಯ ಹಿಂದಿನ ಹೆಸರು

"ಕೈ ತೆಗೀರಿ! ಆ ಗೋಡೆ ಮುಟ್ಟಬೇಡಿ!"

ನೆಲಮಾಳಿಗೆಯ ಮೆಟ್ಟಿಲ ಮೇಲಿಂದ ಬಂದ ಆ ಕೂಗಿಗೆ ರೋಸ್ವಿತಾಳ ಕೈಯಿಂದ ಪುಟ್ಟ ಸುತ್ತಿಗೆ ಜಾರಿ ಬಿತ್ತು.

ತಿರುಗಿ ನೋಡಿದಳು. ಎತ್ತರದ ಆಳು. ಅಂಗಿ ತುಂಬ ಸುಣ್ಣದ ಕಲೆ. ಕಣ್ಣಲ್ಲಿ ಸಿಟ್ಟು... ಅಲ್ಲ, ಸಿಟ್ಟಿಗಿಂತ ಹೆಚ್ಚಾಗಿ ಭಯ!

"ಗೋಡೆ ಮುಟ್ಟದೆ ಮನೆ ಅಳೆಯೋದು ಹೇಗೆ ಸ್ವಾಮಿ? ನಿಮ್ಮ ತಾಯಿಯವರೇ ಕರೆಸಿದ್ದು ನನ್ನ."

"ಮಾಡು ಸೋರುತ್ತೆ ಅಂತ ಕರೆಸಿದ್ದು ಮೇಡಂ. ಮಾಡು ಮೇಲಿರುತ್ತೆ. ಇದು ನೆಲಮಾಳಿಗೆ!"

ಇದು ಕೊರ್ಬಿನಿಯನ್‌ನ ಮೊದಲ ಪರಿಚಯ. ರೇಗನ್ಸ್‌ಬುರ್ಗ್ ಊರಿನಲ್ಲಿ ಅವನಷ್ಟು ಚೆನ್ನಾಗಿ ಸುಣ್ಣದ ಗಾರೆ ಬಳಿಯುವವನು ಇನ್ನೊಬ್ಬನಿರಲಿಲ್ಲ. ವಯಸ್ಸು ನಲವತ್ತೆಂಟು. ಆ ಏಳುನೂರು ವರ್ಷದ ಗೋಪುರದ ಮನೆಯಲ್ಲಿ ಅವನು, ಎಂಬತ್ತೇಳರ ತಾಯಿ ಕ್ರೆಸೆಂಟ್ಸಿಯಾ, ಇಬ್ಬರೇ.

ರಿಪೇರಿಗೆ ಮುನ್ನ ಹಳೆಯ ಮನೆಗಳನ್ನು ಅಳೆದು, ಯಾವ ಗೋಡೆ ಯಾವ ಕಾಲದ್ದೆಂದು ಬರೆದುಕೊಡುವುದು ರೋಸ್ವಿತಾಳ ಕೆಲಸ. ನಲವತ್ತೊಂದು ದಾಟಿದವಳು. ಪ್ರೀತಿ ಗೀತಿ ಎಲ್ಲ ಮುಗಿದ ಅಧ್ಯಾಯ ಎಂದುಕೊಂಡಿದ್ದಳು.

ನವೆಂಬರ್ ಪೂರ್ತಿ ಡಾನ್ಯೂಬ್ ನದಿಯ ಮಂಜು ಊರನ್ನು ಬಿಟ್ಟು ಕದಲಲಿಲ್ಲ. ರೋಸ್ವಿತಾ ದಿನವೂ ಬರುತ್ತಿದ್ದಳು. ಅಟ್ಟದ ತೊಲೆಗಳು, ಹೊಗೆಗಪ್ಪು ಹಿಡಿದ ಒಲೆಯ ಗೂಡು, ಇಟ್ಟಿಗೆಯಿಂದ ಮುಚ್ಚಿಹೋದ ಕಮಾನಿನ ಕಿಟಕಿ... ಒಂದೊಂದನ್ನೂ ಅಳೆದು ಬರೆದುಕೊಂಡಳು. ಅಟ್ಟದಲ್ಲಿ ಬೆಳಕಿಗೆ ಅಡ್ಡ ನಿಂತ ಕೊರ್ಬಿನಿಯನ್‌ನನ್ನು ಒಮ್ಮೆ ಅಳತೆಪಟ್ಟಿ ಹಲ್ಲಲ್ಲಿ ಕಚ್ಚಿಕೊಂಡೇ ಬೈದಳು.

ಎರಡನೇ ವಾರ ಕೊರ್ಬಿನಿಯನ್ ಬಿಸಿ ಸೂಪಿನ ಬಟ್ಟಲು ತಂದು ಏಣಿಯ ಪಕ್ಕ ಇಟ್ಟ.

"ಅಮ್ಮ ಕೊಟ್ಟಿದ್ದು," ಎಂದ.

"ನಿಮ್ಮಮ್ಮನಿಗೆ ಒಲೆ ಮುಂದೆ ನಿಲ್ಲೋಕಾಗುತ್ತಾ?"

ಅವನ ಕಿವಿ ಕೆಂಪಾಯಿತು! "...ನಾನೇ ಮಾಡಿದ್ದು. ಉಪ್ಪು ಜಾಸ್ತಿ ಆಗಿದ್ರೆ ಅಮ್ಮ ಮಾಡಿದ್ದು ಅಂದ್ಕೊಳ್ಳಿ."

ಅವಳು ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕಳು.

ಅವನು ಗಾರೆ ಬಳಿಯುವುದನ್ನು ನೋಡುತ್ತ ನಿಲ್ಲುವುದು ಅವಳಿಗೆ ಅಭ್ಯಾಸವಾಯಿತು. ಎಡಗೈ ಅವನದು. ಕರಣೆ ಎಳೆದಾಗ ಗೋಡೆಯ ಮೇಲೆ ಎಡಕ್ಕೆ ಬಾಗಿದ ಸಣ್ಣ ಅಲೆಗಳು ಮೂಡುತ್ತಿದ್ದವು. ಕಣ್ಣುಮುಚ್ಚಿ ಸವರಿದರೂ ಇದು ಅವನ ಕೈ ಎಂದು ಹೇಳಬಲ್ಲೆ, ಎಂದುಕೊಂಡಳು. 'ನೀವು' ಹೋಗಿ 'ನೀನು' ಬಂದಿದ್ದು ಯಾವತ್ತು ಎಂದು ಇಬ್ಬರಿಗೂ ತಿಳಿಯಲಿಲ್ಲ.

ನೆಲಮಾಳಿಗೆಯ ಮಾತು ಬಂದಾಗ ಮಾತ್ರ ಅವನ ಮುಖ ಮುಚ್ಚಿಕೊಳ್ಳುತ್ತಿತ್ತು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಅವನು ತಾಯಿಯನ್ನು ಡಾಕ್ಟರ ಬಳಿ ಕರೆದೊಯ್ದಿದ್ದ. ನಕ್ಷೆಯಲ್ಲಿ ಉಳಿದಿದ್ದು ಅದೊಂದೇ ಗೋಡೆ. ರೋಸ್ವಿತಾ ಕೆಳಗಿಳಿದಳು. ಅಳತೆಪಟ್ಟಿ ತಾಗಿದ್ದೇ ತಡ, ತೇವಕ್ಕೆ ಉಬ್ಬಿದ್ದ ಗಾರೆ ಧೊಪ್ಪನೆ ಕಳಚಿ ಬಿತ್ತು.

ಹಿಂದೆ ಕಲ್ಲು. ಕಲ್ಲಿನ ಮೇಲೆ ಅಕ್ಷರ... ಹೀಬ್ರೂ ಅಕ್ಷರ!

ಅವಳು ದೀಪ ಹತ್ತಿರ ಹಿಡಿದಳು. ಐನೂರು ವರ್ಷದ ಹಿಂದೆ ಈ ಊರು ತನ್ನ ಯಹೂದಿಗಳನ್ನು ಓಡಿಸಿ, ಅವರ ಸ್ಮಶಾನ ಅಗೆದು, ಸಮಾಧಿ ಕಲ್ಲುಗಳನ್ನು ಹೊತ್ತು ತಂದು ಮನೆಗಳಿಗೆ ಹಾಕಿಕೊಂಡಿತ್ತು. ಕೆಲವರು ಗೆದ್ದ ಗುರುತಿಗೆ ಕಾಣುವಂತೆಯೇ ಕೂರಿಸಿದ್ದರು. ಇದು ಅಂಥದ್ದೇ ಕಲ್ಲು.

ಸುತ್ತ ಉಳಿದಿದ್ದ ಗಾರೆಯನ್ನು ಬೆರಳಿಂದ ಸವರಿದಳು. ಎಡಕ್ಕೆ ಬಾಗಿದ ಸಣ್ಣ ಅಲೆಗಳು...

'ದೇವರೇ! ಇದು ಅವನ ಕೈ!'

ಕೊರ್ಬಿನಿಯನ್ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ನಿನಗೆ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. "ಗೊತ್ತಿತ್ತು. ಮೊದಲು ಅಪ್ಪ ಮುಚ್ಚಿದ್ದ. ಹತ್ತು ವರ್ಷದ ಹಿಂದೆ ಬಿರುಕು ಬಿಟ್ಟಾಗ ನಾನು ಬಳಿದೆ."

"ಸತ್ತವರ ಹೆಸರಿನ ಮೇಲೆ ಗಾರೆ ಬಳಿದು, ಅದೇ ಕೈಯಿಂದ ನನಗೆ ಸೂಪು ತಂದುಕೊಟ್ಟೆ! ಯಾಕೆ ಕೊರ್ಬಿನಿಯನ್? ಮನೆ ಬೆಲೆ ಬೀಳುತ್ತೆ ಅಂತಾನಾ? ಮರ್ಯಾದೆ ಹೋಗುತ್ತೆ ಅಂತಾನಾ?"

"ನನ್ನಿಂದ ಹೇಳೋಕಾಗಲ್ಲ ರೋಸ್ವಿತಾ..."

"ಹೇಳಬೇಡ! ನಿನ್ನ ಬಾಯಿಂದ ಇನ್ನೇನೂ ಕೇಳೋದು ಬೇಕಿಲ್ಲ ನನಗೆ."

ಅವಳು ಹೊರಟುಹೋದಳು. ಕಲ್ಲಿನ ಸೇತುವೆ ದಾಟುವಾಗ ಎದುರಿಗೆ ಬಂದವರು ಯಾರೂ ಕಣ್ಣಿಗೆ ಕಾಣಲಿಲ್ಲ. ಕಾರಣ ಮಂಜೋ ಕಣ್ಣೀರೋ, ಅವಳಿಗೇ ತಿಳಿಯಲಿಲ್ಲ. ಐದು ದಿನ ಫೋನ್ ಎತ್ತಲಿಲ್ಲ.

ಆರನೇ ದಿನ ಎತ್ತಿದಾಗ ಕೇಳಿದ್ದು ಮುದುಕಿಯ ದನಿ.

"ನನ್ನ ಮಗ ಬಾಯಿ ಬಿಟ್ಟಿಲ್ಲ ಅಲ್ವಾ? ಅವನು ಬಿಡಲ್ಲ. ನೀನು ಬಾ ಮಗಳೇ. ನನಗೆ ಜಾಸ್ತಿ ದಿನ ಇಲ್ಲ."

ಕ್ರೆಸೆಂಟ್ಸಿಯಾ ದಿಂಬಿಗೊರಗಿ ಕೂತಿದ್ದಳು. ಕೊರ್ಬಿನಿಯನ್ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ.

"ನನಗಾಗ ಏಳು ವರ್ಷ," ಮುದುಕಿ ಶುರುಮಾಡಿದಳು. "ಆಲೂಗಡ್ಡೆ ತರೋಕೆ ಕೆಳಗೆ ಇಳಿದಾಗಲೆಲ್ಲ ನಮ್ಮಪ್ಪ ಆ ಕಲ್ಲಿಗೆ ಉಗಿ ಅಂತಿದ್ದ. ನಾನು ಉಗೀತಿದ್ದೆ. ಅವನು ನಗ್ತಿದ್ದ... ನಾನೂ ನಗ್ತಿದ್ದೆ ಕಣೇ! ಆ ವರ್ಷವೇ ನನ್ನ ಬೆಂಚಿನ ಹುಡುಗಿ ಶಾಲೆಗೆ ಬರೋದು ನಿಲ್ಲಿಸಿದಳು. ಯಹೂದಿ ಮನೆ ಹುಡುಗಿ. ಯಹೂದಿಗಳನ್ನ ಮತ್ತೆ ಓಡಿಸ್ತಿದ್ದ ಕಾಲ ಅದು. ಎಲ್ಲಿ ಹೋದಳು ಅಂತ ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ."

ರೋಸ್ವಿತಾ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಮದುವೆಯಾದ ಮೇಲೆ ಗಂಡನ ಕೈಲಿ ಮುಚ್ಚಿಸಿದೆ. ನಾನು ಸಾಯೋವರೆಗೂ ತೆಗೀಬೇಡ, ಯಾರಿಗೂ ಹೇಳಬೇಡ ಅಂತ ಇವನ ಹತ್ರ ಆಣೆ ಹಾಕಿಸ್ಕೊಂಡೆ. ಹೇಡಿ ನಾನು, ಇವನಲ್ಲ." ಅವಳ ಒಣಗಿದ ಬೆರಳುಗಳು ರೋಸ್ವಿತಾಳ ಕೈ ಹಿಡಿದವು. "ನಿನಗೆ ಆ ಅಕ್ಷರ ಓದೋಕೆ ಬರುತ್ತಾ? ಯಾರ ಹೆಸರಿದೆ ಅಲ್ಲಿ?"

"ಸ್ವಲ್ಪ ಬರುತ್ತೆ... ಬೇಲಾ. ಯೋಸೇಫನ ಮಗಳು ಬೇಲಾ."

"ಬೇಲಾ..." ಮುದುಕಿ ಇನ್ನೊಮ್ಮೆ ಹೇಳಿ ನೋಡಿದಳು. "ಅವಳು ಕ್ಷಮಿಸ್ತಾಳಾ ನನ್ನ?"

'ಹೂಂ ಅಂದುಬಿಡಲೇ?' ಒಂದು ಕ್ಷಣ ಅನ್ನಿಸಿತು. ಆದರೆ ಆಗಲಿಲ್ಲ.

"ಗೊತ್ತಿಲ್ಲ ಅಮ್ಮಾ. ಅವಳ ಪರವಾಗಿ ನಾನು ಹೇಗೆ ಹೇಳಲಿ?"

ಕ್ರೆಸೆಂಟ್ಸಿಯಾ ಅವಳ ಕೈ ಬಿಡಲಿಲ್ಲ. "ಸುಳ್ಳು ಹೇಳಲಿಲ್ಲ ನೀನು," ಎಂದಳು. ಆಮೇಲೆ ಮಗನತ್ತ ತಿರುಗಿ, "ನಿನ್ನ ಆಣೆ ಬಿಡಿಸಿದೆ ಕಣೋ. ನಾನು ಸಾಯೋವರೆಗೂ ಕಾಯಬೇಡ. ತೆಗಿ."

ಮರುದಿನವೇ ಕೊರ್ಬಿನಿಯನ್ ಉಳಿ ಹಿಡಿದ. ರೋಸ್ವಿತಾ ದೀಪ ಹಿಡಿದು ನಿಂತಳು. ಕಲ್ಲು ಒಡೆಯದಂತೆ ಬಿಡಿಸಿಕೊಳ್ಳಲು ಮೂರು ದಿನ ಹಿಡಿಯಿತು. ಊರಿನ ಯಹೂದಿಗಳು ನಾಲ್ಕು ಜನ ಬಂದು, ಕಲ್ಲನ್ನು ಕಂಬಳಿಯಲ್ಲಿ ಸುತ್ತಿ, ತಮ್ಮ ಸ್ಮಶಾನಕ್ಕೆ ಒಯ್ದರು. ಅವರಲ್ಲೊಬ್ಬ ವೃದ್ಧ ಕೊರ್ಬಿನಿಯನ್‌ನ ಕೈ ಕುಲುಕಿದ. ಇನ್ನೊಬ್ಬ ಕುಲುಕಲಿಲ್ಲ.

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಕ್ರೆಸೆಂಟ್ಸಿಯಾ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಅಡುಗೆಮನೆಯಲ್ಲಿ ಅವರಿಬ್ಬರೇ ಉಳಿದರು. ರೋಸ್ವಿತಾ ಕೋಟು ಕೂಡ ಬಿಚ್ಚಿರಲಿಲ್ಲ.

"ಅವತ್ತು ನಿನ್ನ ಮಾತು ಕೇಳದೆ ಹೋಗಿಬಿಟ್ಟೆ," ಎಂದಳು. "ಮನೆ ಬೆಲೆ ಅಂದೆ. ಅದು ತಪ್ಪು."

"ಪೂರ್ತಿ ತಪ್ಪಲ್ಲ. ಕರಣೆ ಹಿಡಿದಿದ್ದು ನಾನೇ ತಾನೇ?" ಅವನು ಮೇಜನ್ನೇ ನೋಡುತ್ತಿದ್ದ. "ನನ್ನ ಜೊತೆ ಇರೋದು ಸುಲಭ ಅಲ್ಲ ರೋಸ್ವಿತಾ. ಬಾಯಿ ಮುಚ್ಕೊಂಡಿರೋದೇ ಪ್ರೀತಿ ಅಂತ ಕಲಿತು ಬೆಳೆದವನು ನಾನು."

"ಹಾಗಾದ್ರೆ ಇವತ್ತಿಂದ ಮಾತಾಡು."

"ಏನಂತ?"

"ಮೊದಲು ಏನು ಬಾಯಿಗೆ ಬರುತ್ತೋ ಅದು."

ಅವನು ಮೇಜಿನಿಂದ ಕಣ್ಣೆತ್ತಿ ಒಲೆಯತ್ತ ನೋಡಿದ. "...ಹಸಿವಾಗ್ತಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಆಮೇಲೆ?"

"ಭಯ ಆಗ್ತಿದೆ. ಅಮ್ಮ ಇಲ್ಲದ ಮನೆ..." ಅವನು ಅವಳತ್ತ ತಿರುಗಿದ. "ನಿನ್ನ ಪ್ರೀತಿಸ್ತೀನಿ. ಅಟ್ಟದಲ್ಲಿ ಅಳತೆಪಟ್ಟಿ ಹಲ್ಲಲ್ಲಿ ಕಚ್ಕೊಂಡು ನನ್ನ ಬೈದೆಯಲ್ಲ, ಅವತ್ತಿಂದ. ಇದನ್ನೂ ಹೇಳಿರಲಿಲ್ಲ."

ರೋಸ್ವಿತಾ ಮೆಲ್ಲಗೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

"ಮೊಟ್ಟೆ ಎಲ್ಲಿದೆ?"

"ಹೊರಡ್ತೀಯ ಅಂದ್ಕೊಂಡಿದ್ದೆ."

"ಮೊಟ್ಟೆ ಎಲ್ಲಿದೆ ಅಂತ ಕೇಳಿದೆ ಕಣೋ... ಇಬ್ಬರಿಗೂ ಸಾಕಾಗುವಷ್ಟಿದೆಯಾ?"