ತಿರುಗಿದ ಕೈಮರ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದವನ ಅಂಗಿಯ ತುಂಬ ಕೆಸರು, ಕಾಲಲ್ಲಿ ಒಂದೇ ಚಪ್ಪಲಿ. ಸರೋವರ ನೋಡಲು ಹೆಂಡತಿಯೊಡನೆ ಮುಂಜಾನೆಯೇ ಕಾರಿನಲ್ಲಿ ಹೊರಟವನು, ಬೆಟ್ಟದ ಮೇಲಿನ ಕವಲಿನಲ್ಲಿ ಕೈಮರ ತೋರಿಸಿದ ಕಡೆಗೆ ತಿರುಗಿದ್ದ. ಸ್ವಲ್ಪ ದೂರದಲ್ಲೇ ಮೋರಿ ಕುಸಿದು ರಸ್ತೆ ಬಾಯ್ತೆರೆದಿತ್ತು. ಕಾರು ಹಳ್ಳಕ್ಕೆ ಬಿತ್ತು. ಹಿಂದೆ ಬಂದವರು ಇಬ್ಬರನ್ನೂ ಎತ್ತಿ ಆಸ್ಪತ್ರೆಗೆ ಮುಟ್ಟಿಸಿದ್ದರು. ಹೆಂಡತಿ ಈಗ ಆಪರೇಷನ್ ಥಿಯೇಟರಿನಲ್ಲಿದ್ದಳು.

"ಸ್ಪೀಡ್ ಎಷ್ಟಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ನಲವತ್ತು ದಾಟಿರ್ಲಿಲ್ಲ ಸಾರ್."

"ಫೋನಲ್ಲಿ ದಾರಿ ನೋಡ್ಲಿಲ್ವಾ?"

"ಅಲ್ಲಿ ಸಿಗ್ನಲ್ ಎಲ್ಲಿದೆ ಸಾರ್? ಬೋರ್ಡ್ ನಂಬ್ಕೊಂಡು ಹೋದ್ವಿ."

ಇನ್ಸ್‌ಪೆಕ್ಟರಿಗೆ ಅವನನ್ನು ಕಂಡು ಮರುಕವೂ ಬಂತು, ಆಕಳಿಕೆಯೂ ಬಂತು. ವಾರದ ರಜೆ ಮತ್ತೆ ರದ್ದಾಗಿತ್ತು. ಅದೇ ಸರೋವರ ತೋರಿಸಿ ಎಂದು ಮನೆಯಾಕೆ ವರ್ಷಗಳಿಂದ ಕೇಳುತ್ತಿದ್ದಳು. ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ ಹೇಳಿ ಆ ಗಾದೆಯೇ ಸವೆದುಹೋಗಿತ್ತು. ಹೆಡ್ ಕಾನ್‌ಸ್ಟೇಬಲ್ ಎಫ್‌ಐಆರ್ ಬರೆಯುತ್ತ ಒಂದು ಕಡೆ ಪೆನ್ನು ನಿಲ್ಲಿಸಿದ. ಹೆಂಗಸು ಉಳಿದರೆ ಒಂದು ಸೆಕ್ಷನ್, ಹೋದರೆ ಇನ್ನೊಂದು.

"ಈಗಿರೋದನ್ನ ಬರಿ," ಎಂದರು ಇನ್ಸ್‌ಪೆಕ್ಟರ್. "ದೇವರು ದೊಡ್ಡವನು."

ಹನ್ನೆರಡಕ್ಕೆ ಕವಲಿನಲ್ಲಿ ಪಂಚನಾಮೆ ಶುರುವಾಯಿತು. 'ಸರೋವರ, ರಾಷ್ಟ್ರೀಯ ಉದ್ಯಾನ' ಎಂದು ಬರೆದ ಹಲಗೆ ಹೊಸ ರಸ್ತೆಯ ಕಡೆಗಿರಬೇಕಾದದ್ದು ಹಳೇ ರಸ್ತೆಗೆ ಮುಖ ಮಾಡಿತ್ತು. ಹಳ್ಳದ ಕಾರನ್ನು ಎತ್ತಲು ಬಂದ ಕ್ರೇನು ಕವಲಿಗೇ ಅಡ್ಡ ನಿಂತದ್ದರಿಂದ ಎರಡೂ ರಸ್ತೆ ಬಂದ್. ಪ್ರವಾಸಿಗರ ಕಾರುಗಳ ಸಾಲು ಬೆಟ್ಟದ ಬುಡದವರೆಗೂ ಬೆಳೆಯುತ್ತಿತ್ತು. ಒಬ್ಬೊಬ್ಬರೂ ಇಳಿದು ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿದರು. ಯಾರಿಗೆ ಏನಾಯಿತು ಎಂದು ಕೇಳಿದವರು ಕಡಿಮೆ.

"ಕುಡುಕರ ಕೆಲ್ಸ ಸಾರ್," ಎಂದ ಕಾನ್‌ಸ್ಟೇಬಲ್. "ಟ್ರಿಪ್ಪಿಗೆ ಬಂದ ಹುಡುಗ್ರು ತಮಾಷೆಗೆ ತಿರುಗಿಸಿರ್ತಾರೆ."

ಇನ್ಸ್‌ಪೆಕ್ಟರ್ ಏಣಿ ಹತ್ತಿದರು. ಹಲಗೆಯ ಬೋಲ್ಟುಗಳಿಗೆ ಜೋಡಿ ನಟ್ಟು ಹಾಕಿ ಬಿಗಿದಿತ್ತು. ನಟ್ಟುಗಳ ಮೇಲೆ ಬಳಿದ ಕೆಂಪು ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು.

"ತುಕ್ಕು ಹಿಡೀಬಾರ್ದು ಅಂತ ಬಣ್ಣ ಬಳಿಯೋ ಕುಡುಕನ್ನ ನೀನೆಲ್ಲಾದ್ರೂ ನೋಡಿದೀಯೇನಯ್ಯ?"

ರಸ್ತೆ ಇಲಾಖೆಯ ಎಂಜಿನಿಯರನ್ನು ಮನೆಯಿಂದ ಕರೆಸಲಾಯಿತು. ಊಟದಿಂದ ಎಬ್ಬಿಸಿದ ಸಿಟ್ಟು ಮುಖದಲ್ಲಿ ಕಾಣುತ್ತಿತ್ತು. ನಟ್ಟು ನೋಡಿದ ಮೇಲೆ ಆ ಸಿಟ್ಟು ಇಳಿಯಿತು.

"ಇದು ನಮ್ ಈಗಿನ ಜನದ್ದಲ್ಲ. ಅವ್ರು ಒಂದು ನಟ್ಟು ನೆಟ್ಟಗೆ ಹಾಕಿದ್ರೆ ಅದೇ ಪುಣ್ಯ."

"ಮತ್ತೆ ಯಾರದು?"

"ಗಟ್ಟಿ ಮೇಸ್ತ್ರಿ ಅಂತಿದ್ರು, ರಿಟೈರ್ ಆದ್ರು. ಜೋಡಿ ನಟ್ಟು, ಮೇಲೆ ಕೆಂಪು ಬಣ್ಣ, ಅದು ಅವ್ರ ಚಾಳಿ. ಹೊಸ ರಸ್ತೆ ತಿರುವಲ್ಲೇ ಮನೆ."

"ಮೋರಿ ಬಿದ್ದಿದ್ದು ನಿಮಗೆ ಗೊತ್ತಿತ್ತಾ?"

ಎಂಜಿನಿಯರ್ ತನ್ನ ಬೂಟು ನೋಡಿಕೊಂಡ. "ಹೋದ ಮಳೆಗಾಲದಲ್ಲಿ ಬಿತ್ತು ಸಾರ್. ಆ ಕಡೆ ಯಾರೂ ಹೋಗಲ್ಲ ಅಂತ ಹಾಗೇ ಬಿಟ್ವಿ."

ಮೂರು ಗಂಟೆಗೆ ಜೀಪು ಮೇಸ್ತ್ರಿಯ ಮನೆ ಮುಂದೆ ನಿಂತಿತು. ಕಿಟಕಿಗೂ ಡಾಂಬರಿಗೂ ಒಂದು ಮಾರು ದೂರವಿರಲಿಲ್ಲ. ಕಿಟಕಿಯ ಸಂದಿಗೆಲ್ಲ ಹಳೇ ಬಟ್ಟೆ ತುರುಕಿತ್ತು. ಒಳಗೆ ಮಂಚದ ಮೇಲೆ ಒಬ್ಬ ಹೆಂಗಸು ಮಲಗಿದ್ದಳು, ಮೂಳೆಗೆ ಹೊದಿಕೆ ಹೊದಿಸಿದಷ್ಟು ಸಣ್ಣಗೆ. ಹೊಸ್ತಿಲಲ್ಲಿ ಕೂತಿದ್ದ ಮೇಸ್ತ್ರಿ ಸಮವಸ್ತ್ರ ಕಂಡು ಎದ್ದು ನಿಂತರು.

"ಮೆಲ್ಲಗೆ ಮಾತಾಡಿ ಸಾಹೇಬ್ರೆ. ಬೆಳಗ್ಗೆಯಿಂದ ಕಣ್ಣು ಹತ್ತಿದೆ ಅವಳಿಗೆ."

"ಕೈಮರ ತಿರುಗಿಸಿದ್ದು ನೀವಾ?"

"ಹೌದು. ಬೆಳಕು ಹರಿಯೋಕೆ ಮುಂಚೆ."

"ಯಾಕೆ?"

"ನನ್ ಹೆಂಡತಿ ಹೊಟ್ಟೇಲಿ ಗಡ್ಡೆ. ಡಾಕ್ಟ್ರು ಕೈಬಿಟ್ಟಿದಾರೆ. ಮಾತ್ರೆ ಕೊಟ್ಟು ಮಲಗಿಸ್ತೀನಿ, ಈ ತಿರುವಲ್ಲಿ ಹಾರ್ನ್ ಹೊಡೀತಾರೆ, ಎದ್ದು ಕೂತು ಅಳ್ತಾಳೆ. ಭಾನುವಾರ ಬಂದ್ರೆ ನರಕ. ಒಂದು ದಿನ ನಿದ್ದೆ ಮಾಡ್ಲಿ ಅಂತ ಮಾಡ್ದೆ."

"ಹಾರ್ನ್ ಹೊಡೀರಿ ಅಂತ ಅಲ್ಲೊಂದು ಬೋರ್ಡ್ ಇದೆಯಲ್ಲ. ಅದನ್ನೇ ಕೀಳಬಹುದಿತ್ತು."

"ಅದನ್ನ ನೆಟ್ಟವನು ನಾನೇ. ಕಿತ್ರೆ ಎದುರುಬದುರು ಬಂದು ಜನ ಸಾಯ್ತಾರೆ. ಹಳೇ ರಸ್ತೆ ಸುತ್ತು ಅಷ್ಟೇ, ಅದೂ ಸರೋವರಕ್ಕೇ ಹೋಗುತ್ತೆ. ನಾನೇ ನಿಂತು ಮಾಡಿಸಿದ ರಸ್ತೆ. ನಾನೇ ಕಟ್ಟಿಸಿದ ಮೋರಿ."

"ಆ ಮೋರಿ ಬಿದ್ದಿದೆ."

ಮೇಸ್ತ್ರಿ ನಂಬಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಫೋಟೋ ತೋರಿಸಿದ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಯಾರಿಗಾದ್ರೂ..."

"ಒಬ್ಬ ಹೆಣ್ಣುಮಗಳು. ಆಪರೇಷನ್ ನಡೀತಿದೆ."

ಆಗ ಜೀಪಿನ ವೈರ್‌ಲೆಸ್ಸಿನಲ್ಲಿ ಠಾಣೆಯಿಂದ ಸುದ್ದಿ ಬಂತು: ಹೆಂಗಸಿನ ಜೀವ ಉಳಿದಿದೆ, ಬಲಗಾಲು ಉಳಿಯಲಿಲ್ಲ. ಹೇಳುವುದೋ ಬೇಡವೋ ಎಂದು ಯೋಚಿಸುವಷ್ಟು ತ್ರಾಣ ಇನ್ಸ್‌ಪೆಕ್ಟರಿಗಿರಲಿಲ್ಲ. ಹೇಳಿಬಿಟ್ಟರು. ಮೇಸ್ತ್ರಿ ಸದ್ದಿಲ್ಲದೆ ಅತ್ತರು, ಒಳಗಿನವಳಿಗೆ ಕೇಳಬಾರದೆಂದು ಟವೆಲನ್ನು ಬಾಯಿಗೆ ಒತ್ತಿಕೊಂಡು.

ನಾಲ್ಕು ಗಂಟೆಗೆ ದಸ್ತಗಿರಿ ದಾಖಲಾಯಿತು. ಪಕ್ಕದ ಊರಿಂದ ನಾದಿನಿ ಬಂದು ಮಂಚದ ಬಳಿ ಕೂತಳು. ಮೇಸ್ತ್ರಿ ಅವಳಿಗೆ ಮಾತ್ರೆ ತೋರಿಸಿಕೊಟ್ಟು, ಹೆಂಡತಿಯನ್ನು ಎಬ್ಬಿಸದೆ ಜೀಪು ಹತ್ತಿದರು.

ಕವಲಿನಿಂದ ಕಾನ್‌ಸ್ಟೇಬಲ್ ವೈರ್‌ಲೆಸ್ಸಿನಲ್ಲಿ ಕೇಳಿದ: "ಕ್ರೇನು ಹೋಯ್ತು, ಬೋರ್ಡೂ ಸರಿಯಾಯ್ತು ಸಾರ್. ಗಾಡಿಗಳನ್ನ ಬಿಡ್ಲಾ? ಜನ ಬೈತಿದಾರೆ."

ಇನ್ಸ್‌ಪೆಕ್ಟರ್ ಬಟ್ಟೆ ತುರುಕಿದ ಕಿಟಕಿಯನ್ನು ನೋಡಿದರು. "ಇನ್ನೊಂದು ಗಂಟೆ ಇರ್ಲಿ. ಮಹಜರು ಮುಗಿದಿಲ್ಲ ಅನ್ನು."

"ಬೇಡ ಸಾಹೇಬ್ರೆ," ಎಂದರು ಹಿಂದಿನ ಸೀಟಿನಿಂದ ಮೇಸ್ತ್ರಿ. "ಐದರ ಮೇಲೆ ಮಂಜು ಇಳಿಯುತ್ತೆ. ಹೊಸಬರಿಗೆ ಈ ತಿರುವು ಕಾಣಲ್ಲ. ಈಗ್ಲೇ ಬಿಟ್ಬಿಡಿ."

ಇನ್ಸ್‌ಪೆಕ್ಟರ್ ಬಿಡಲು ಹೇಳಿದರು. ಜೀಪು ಹೊರಡುವ ಮೊದಲೇ ಮೊದಲನೇ ಕಾರು ತಿರುವಿಗೆ ಬಂತು. ಬೋರ್ಡು ನೋಡಿ, ಅದು ಹೇಳಿದಂತೆಯೇ ಉದ್ದಕ್ಕೆ ಹಾರ್ನ್ ಹೊಡೆಯಿತು.