ನಿಮ್ಮ ನಾಮಿನಿ ಯಾರು, ಜಾಗೃತಿಬೆನ್?

"ನಿಮ್ಮ ನಾಮಿನಿ ಇನ್ನೂ ಬದುಕಿದ್ದಾರಾ?"

ಜಾಗೃತಿಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಷೇರು ಅಂಗಡಿಯ ಎದುರಿನ ಕುರ್ಚಿಯಲ್ಲಿದ್ದ ಗಂಡಸು ಕಂಪ್ಯೂಟರಿನಿಂದ ಕಣ್ಣೆತ್ತಿ ಅವಳನ್ನೇ ನೋಡುತ್ತಿದ್ದ. ಐವತ್ತರ ಆಸುಪಾಸು. ಕಿವಿಯ ಹತ್ತಿರ ನರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುಖದಲ್ಲಿ ಎಲ್ಲೂ ಕೆಟ್ಟತನ ಕಾಣಲಿಲ್ಲ. ಅವಳಿಗೆ ಮೊದಲ ಅನುಮಾನ ಬಂದಿದ್ದೇ ಅದರಿಂದ! ಮೋಸಗಾರನ ಮುಖದಲ್ಲಿ ಮೋಸ ಕಂಡುಬಿಟ್ಟರೆ ಅವನ ಹೊಟ್ಟೆ ತುಂಬೋದು ಹೇಗೆ?

"ಏನಂದ್ರಿ?"

"ಅಲ್ಲ ಬೆನ್... ನಿಮ್ಮ ಷೇರಿನ ಡಿಮ್ಯಾಟ್ ಖಾತೆಗೆ ನಾಮಿನಿ ಅಂತ ಸವಿತಾಬೆನ್ ಓಝಾ ಹೆಸರಿದೆ. ನಿಮ್ಮ ತಾಯಿ. ವಯಸ್ಸು ಎಂಬತ್ತು ದಾಟಿದೆ, ಅದಕ್ಕೆ ಕೇಳಿದೆ."

"ನಾನು ಸತ್ತಮೇಲೆ ನನ್ನ ದುಡ್ಡು ಯಾರಿಗೆ ಹೋಗುತ್ತೆ ಅಂತ ನಿಮಗ್ಯಾಕ್ರೀ ಆತುರ? ನನ್ನನ್ನ ಕಳಿಸೋಕೆ ಮುಹೂರ್ತ ಏನಾದ್ರೂ ನೋಡಿಟ್ಟಿದೀರಾ?"

ಹಿಂದಿನ ಬೆಂಚಿನಲ್ಲಿ ಟೀವಿ ನೋಡುತ್ತಾ ಕೂತಿದ್ದ ನಿವೃತ್ತ ಕಾಕಾಗಳೆಲ್ಲ ಗೊಳ್ಳೆಂದು ನಕ್ಕರು. ಆ ಗಂಡಸಿನ ಕಿವಿ ಕೆಂಪಾಯಿತು.

"ತಪ್ಪು ತಿಳ್ಕೋಬೇಡಿ..."

"ತಪ್ಪಾಗಿ ತಿಳ್ಕೊಳ್ಳೋಷ್ಟು ಪರಿಚಯ ನಮಗಿಲ್ಲ!"

ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಅಮ್ಮ ಹೋಗಿ ಆರು ವರ್ಷ. ಆ ಹೆಸರು ಬದಲಾಯಿಸಬೇಕು ಅನ್ನೋದು ಅವಳಿಗೆ ಗೊತ್ತಿಲ್ಲದ ವಿಷಯವೇ? ಬದಲಾಯಿಸಿ... ಯಾರ ಹೆಸರು ಬರೆಯೋದು?

ಭಾವನಗರದ ವಜ್ರದ ಕಚೇರಿಯೊಂದರಲ್ಲಿ ಜಾಗೃತಿಗೆ ಕಲ್ಲು ಆರಿಸುವ ಕೆಲಸ. ಹೊತ್ತು ಮುಳುಗೋವರೆಗೂ ಕಣ್ಣಿಗೆ ಭೂತಗನ್ನಡಿ ಹಿಡಿದು, ಥಳಥಳ ಹೊಳೆಯೋ ಕಲ್ಲಿನೊಳಗೆ ಕಲೆ ಎಲ್ಲಿ ಅಡಗಿದೆ ಅಂತ ಹುಡುಕೋದು. ಪಿಂಚಣಿ ಗಿಂಚಣಿ ಏನೂ ಇಲ್ಲ. ಕಣ್ಣು ಮಂಜಾದ ದಿನ ಮನೆಗೆ ನಡೆ, ಅಷ್ಟೇ! ಅದಕ್ಕೇ ಮೊದಲ ಸಂಬಳದಿಂದಲೇ ಪಿಪಿಎಫ್. ಆಮೇಲೆ ಮ್ಯೂಚುವಲ್ ಫಂಡು. ಪ್ರತಿ ದೀಪಾವಳಿಗೆ ಷೇರುಪೇಟೆಯಲ್ಲಿ ಶುಭ ಮುಹೂರ್ತದ ವಹಿವಾಟು ನಡೆಯೋ ಆ ಒಂದು ಗಂಟೆಯಲ್ಲಿ ಒಂದಿಷ್ಟು ಷೇರು. ಮುದುಕಿಯಾದಾಗ ಯಾರ ಮುಂದೆಯೂ ಕೈ ಚಾಚಬಾರದು. ಅವಳ ಬದುಕಿನ ಹಟ ಅದೊಂದೇ.

ಇಪ್ಪತ್ತೆಂಟನೇ ವಯಸ್ಸಿನಲ್ಲಿ ನಿಶ್ಚಿತಾರ್ಥವೂ ಆಗಿತ್ತು. ಹುಡುಗ ಒಂದು ದಿನ ಐಸ್‌ಕ್ರೀಂ ಕೊಡಿಸಿ, ಮೆಲ್ಲಗೆ ಕೇಳಿದ್ದ: "ನಿನ್ನ ಪಿಪಿಎಫ್‌ನಿಂದ ಎಷ್ಟು ತೆಗೀಬಹುದು? ನನ್ನ ಹೆಸರಲ್ಲಿ ಒಂದು ಅಂಗಡಿ ನೋಡಿದೀನಿ." ಅವಳು ಒಂದು ರೂಪಾಯಿಯೂ ಇಲ್ಲ ಅಂದಳು. ವಾರದೊಳಗೆ ಉಂಗುರ ವಾಪಸ್ಸು ಹೋಯಿತು.

ಅವತ್ತಿನಿಂದ ಗಂಡಸರು ನಕ್ಕರೂ ಅವಳು ಮೊದಲು ನೋಡೋದು, ಆ ನಗು ಚೀಲದ ಕಡೆಗೋ ಮುಖದ ಕಡೆಗೋ ಅಂತ. ಅವಳನ್ನ ತಪ್ಪು ಅನ್ನೋಕಾಗುತ್ತಾ, ನೀವೇ ಹೇಳಿ!

ಈ ಹೊಸ ಗಂಡಸಿನ ಹೆಸರು ಬಕುಲ್ ಮಂಕಡ್. ಷೇರು ಅಂಗಡಿ ನಡೆಸುತ್ತಿದ್ದ ಜಯಂತಕಾಕಾ ಮಂಡಿನೋವು ಅಂತ ಮನೆ ಸೇರಿದ ಮೇಲೆ, ಮುಂಬಯಿಯಿಂದ ಬಂದು ಅಂಗಡಿ ವಹಿಸಿಕೊಂಡ ಅಣ್ಣನ ಮಗ.

ಮಾರನೇ ವಾರ ಅವನದೇ ಫೋನು.

"ಬೆನ್, ಅವತ್ತು ಕೇಳಿದ ರೀತಿ ಸರಿ ಇರ್ಲಿಲ್ಲ. ಕ್ಷಮಿಸಿ. ಆದರೆ ಪ್ರಶ್ನೆ ಮಾತ್ರ..."

"ಫೋನ್ ಇಡ್ತೀನಿ!"

"ಇಡಿ. ಪ್ರಶ್ನೆ ಮರೀಬೇಡಿ."

ಆಮೇಲೊಂದು ಭಾನುವಾರ ಬೆಳಗ್ಗೆ ಕಡಲೆಹಿಟ್ಟಿನ ಬಿಸಿ ಗಾಂಠಿಯಾದ ಪೊಟ್ಟಣ ಹಿಡಿದು ಮನೆ ಬಾಗಿಲಿಗೇ ಬಂದ. ಅವಳು ಒಳಗೆ ಕರೆಯಲಿಲ್ಲ. ಜಗಲಿಯಲ್ಲೇ ಕೂರಿಸಿದಳು. ಪೊಟ್ಟಣ ಮುಟ್ಟಲಿಲ್ಲ.

"ನಿಮ್ಮ ಖಾತೆಯಲ್ಲಿ ಮುಕ್ಕಾಲು ಪಾಲು ಸಣ್ಣಪುಟ್ಟ ಕಂಪನಿ ಷೇರುಗಳೇ ಇವೆ ಬೆನ್. ಒಂದನ್ನೂ ಮಾರಿಲ್ಲ."

"ಮುಹೂರ್ತದಲ್ಲಿ ತಗೊಂಡಿದ್ದನ್ನ ಯಾರಾದ್ರೂ ಮಾರ್ತಾರೇನ್ರೀ? ಮನೆಗೆ ಬಂದ ಲಕ್ಷ್ಮಿ!"

"ಲಕ್ಷ್ಮಿಯೇ. ಇಲ್ಲ ಅನ್ನಲ್ಲ. ಆದರೆ ನೀವು ಕೆಲಸ ಬಿಡೋ ವರ್ಷವೇ ಬಜಾರು ಬಿದ್ದರೆ? ವರ್ಷವರ್ಷ ಸ್ವಲ್ಪ ಸ್ವಲ್ಪ ಮಾರಿ, ಬ್ಯಾಂಕಿನ ಡಿಪಾಸಿಟ್‌ಗೆ ಹಾಕ್ತಾ ಬನ್ನಿ."

ಹ್ಞಾಂ, ಸಿಕ್ಕಿಬಿದ್ದ! ಮಾರಿಸೋದು, ಕೊಳ್ಳಿಸೋದು, ಕಮಿಷನ್ ಹೊಡೆಯೋದು!

ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಅವಳೇ ಯೋಚಿಸಿದಳು. ಬ್ಯಾಂಕಿನ ಡಿಪಾಸಿಟ್ ಮಾಡಿಸಿದರೆ ಅವನಿಗೇನು ಸಿಗುತ್ತೆ? ಏನೂ ಇಲ್ಲ. ಬಿಟ್ಟಿ ಉಪಕಾರ ಯಾಕೆ ಮಾಡ್ತಾನೆ? ದೊಡ್ಡ ಮೀನಿಗೇ ಗಾಳ ಹಾಕಿರಬೇಕು!

ಇಷ್ಟೆಲ್ಲ ಅನುಮಾನದ ನಡುವೆ, ಅವನು ಮತ್ತೆ ಬರ್ತೀನಿ ಅಂದಿದ್ದ ಮುಂದಿನ ಭಾನುವಾರ ಅವಳು ಕನ್ನಡಿ ಮುಂದೆ ನಿಂತು ನೀಲಿ ಸೀರೆ ಉಟ್ಟಿದ್ದು ಯಾಕೆ? ಅವನು ಬರೋದು ತಡವಾದಾಗ ಬೀದಿಯ ತುದಿವರೆಗೂ ಕಣ್ಣು ಹೋಗಿದ್ದು ಯಾಕೆ?

*ನಿನಗೆ ಬುದ್ಧಿ ಕೆಟ್ಟಿದೆ ಜಾಗೃತಿ...* ತನಗೆ ತಾನೇ ಬೈದುಕೊಂಡಳು. ಈಗ ಅವಳಿಗೆ ಅವನಿಗಿಂತ ತನ್ನ ಮನಸ್ಸಿನ ಮೇಲೇ ಹೆಚ್ಚು ಅನುಮಾನ.

ಆ ಭಾನುವಾರ ಅವನು ದುಡ್ಡಿನ ಮಾತೇ ಎತ್ತಲಿಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ನಿದ್ದೆ ಹೋಗಿ, ಬೆಳಗ್ಗೆ ಹತ್ತಿದ ಸ್ಟೇಷನ್ನಿಗೇ ಮರಳಿ ಬಂದು ಇಳಿದ ಕಥೆ ಹೇಳಿದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು! ಅವನು ಮಾತು ನಿಲ್ಲಿಸಿ ಅವಳ ನಗುವನ್ನೇ ನೋಡಿದ. ಮತ್ತೇನೋ ಹೇಳೋಕೆ ಬಾಯಿ ತೆರೆದ. ಹೇಳಲಿಲ್ಲ. ಎದ್ದು ಹೊರಟೇಬಿಟ್ಟ.

ಏನೋ ಮುಚ್ಚಿಡ್ತಿದ್ದಾನೆ. ಖಂಡಿತ!

ಹಾಗೇ ಇನ್ನೂ ನಾಲ್ಕಾರು ಭಾನುವಾರ ಕಳೆದವು. ದೀಪಾವಳಿಗೆ ಎರಡು ದಿನವಿತ್ತು. ಪಕ್ಕದ ಮೇಜಿನ ರಮೀಲಾ ಕಲ್ಲು ಆರಿಸುತ್ತಲೇ ಪಿಸುಗುಟ್ಟಿದಳು.

"ಜಾಗುಬೆನ್, ನಿಮ್ಮ ಗಾಂಠಿಯಾ ಸಾಹೇಬ್ರು ನಿಮ್ಮೊಬ್ಬರ ಮನೆಗೇ ಹೋಗ್ತಿದ್ದಾರೆ ಅಂದ್ಕೊಂಡ್ರಾ?"

"ಏನೇ ಹಾಗಂದ್ರೆ?"

"ನನ್ನ ನಾದಿನಿ ಬೀದಿಯಲ್ಲಿ ಕುಸುಮ್‌ಬೆನ್ ಅಂತ ಒಬ್ಬರಿದ್ದಾರಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಕೈತುಂಬ ದುಡ್ಡು. ಇವರು ವಾರಕ್ಕೆರಡು ಸಲ ಅಲ್ಲಿ ಹಾಜರು! ಅಲ್ಲೂ ಅದೇ ಗಾಂಠಿಯಾ, ಅದೇ ನಗು. ಇನ್ನೊಂದು ಕೇಳಿ... ಆಕೆಯ ದುಡ್ಡಿಗೆಲ್ಲ ಈಗ ಇವರೇ ನಾಮಿನಿಯಂತೆ!"

ಜಾಗೃತಿಯ ಕೈಯಿಂದ ಕಲ್ಲು ಜಾರಿ ಬಿತ್ತು. ಅದನ್ನು ಹುಡುಕೋಕೆ ನೆಲದ ಮೇಲೆ ಬಗ್ಗಿದಾಗ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ.

ಸಣ್ಣ ಕಲ್ಲನ್ನೂ ನಾಲ್ಕು ಸಲ ತಿರುಗಿಸಿ ನೋಡದೆ ಒಪ್ಪದ ಹೆಂಗಸು, ಯಾರೋ ಹೇಳಿದ ಮಾತನ್ನು ಒಂದು ಸಲವೂ ತಿರುಗಿಸಿ ನೋಡದೆ ನಂಬಿಬಿಟ್ಟಳು. ಪೆಟ್ಟು ತಿಂದ ಜಾಗದಲ್ಲೇ ಮತ್ತೆ ಪೆಟ್ಟು ಬಿದ್ದರೆ ಹಾಗೇ ಆಗೋದು.

ದೀಪಾವಳಿ. ಮುಹೂರ್ತದ ಗಂಟೆ.

ಷೇರು ಅಂಗಡಿಗೆ ಚೆಂಡುಹೂವಿನ ತೋರಣ. ಕಾಕಾಗಳೆಲ್ಲ ರೇಷ್ಮೆ ಕುರ್ತಾ ತೊಟ್ಟು, ಹಣೆಗೆ ಕುಂಕುಮ ಇಟ್ಟು, "ನನಗೆ ಒಂದು", "ನನಗೆ ಎರಡು" ಅಂತ ಕೂಗುತ್ತಿದ್ದರು. ಕೊಂಡವರ ಕೈಗೆಲ್ಲ ಪೇಡಾ.

"ಬನ್ನಿ ಜಾಗೃತಿಬೆನ್! ನಿಮಗೆ ಈ ಸಲ ಯಾವುದು?" ಬಕುಲ್‌ನ ಮುಖ ಅರಳಿತು.

"ನನ್ನ ಷೇರುಗಳನ್ನೆಲ್ಲ ಬೇರೆ ಕಡೆಗೆ ಕಳಿಸಿ. ಖಾತೆ ಮುಚ್ಚಬೇಕು. ಇವತ್ತೇ."

ಒಬ್ಬ ಕಾಕಾ ಬಾಯಿಗಿಟ್ಟ ಪೇಡಾ ಅಲ್ಲೇ ನಿಂತಿತು.

"ಅಯ್ಯಯ್ಯೋ! ಮುಹೂರ್ತದ ಹೊತ್ತಲ್ಲಿ ಲಕ್ಷ್ಮಿಯನ್ನ ಹೊರಗೆ ಕಳಿಸ್ತಾರಾ ಮಗಳೇ? ನಾಳೆಯೋ ನಾಡಿದ್ದೋ ನೋಡಿದ್ರಾಯ್ತು..."

"ನೀವು ಸುಮ್ಮನಿರಿ ಕಾಕಾ." ಅವಳು ಬಕುಲ್ ಕಡೆ ತಿರುಗಿದಳು. "ಬಕುಲ್‌ಭಾಯಿ, ಒಂದೇ ಒಂದು ಪ್ರಶ್ನೆ. ಈ ಊರಲ್ಲಿ ಎಷ್ಟು ಹೆಂಗಸರಿಗೆ ನೀವು ನಾಮಿನಿ?"

ಅವನ ಮುಖದ ಬಣ್ಣ ಇಳಿಯಿತು.

"ಒಬ್ಬರಿಗೆ," ಎಂದ.

ಅಷ್ಟೇ! ಸಮಜಾಯಿಷಿ ಇಲ್ಲ, ಸಿಟ್ಟಿಲ್ಲ. ವರ್ಗಾವಣೆಯ ಕಾಗದ ತೆಗೆದು, ಅವಳ ಸಹಿ ಹಾಕಿಸಿ, ತಾನೂ ಸಹಿ ಹಾಕಿದ. ಆಮೇಲೆ... ಅವನ ತುಟಿಯಂಚಿನಲ್ಲಿ ಒಂದು ಸಣ್ಣ ನಗು ಬಂತು. ಹೆಗಲ ಮೇಲಿನ ಭಾರ ಇಳಿಸಿದವನ ನಗು.

ಆ ನಗುವೇ ಅವಳನ್ನು ರಾತ್ರಿಯೆಲ್ಲ ಕಾಡಿತು. ಮೋಸಗಾರನಾಗಿದ್ದರೆ ತಡೀಬೇಕಿತ್ತು. ಸುಳ್ಳು ಹೇಳಬೇಕಿತ್ತು. ನಗೋದು ಯಾಕೆ?

ಮಾರನೇ ದಿನ ಬೇಸ್ತು ವರಸ್, ಗುಜರಾತಿಗಳ ಹೊಸ ವರ್ಷ. ಬೆಳಗ್ಗಿನಿಂದ ಮನೆಮನೆಗೆ "ಸಾಲ್ ಮುಬಾರಕ್" ಹೇಳೋ ಜನ. ಜಾಗೃತಿ ಮಾತ್ರ ಹಲ್ಲು ಕಚ್ಚಿಕೊಂಡು ರಮೀಲಾಳ ನಾದಿನಿಯ ಬೀದಿ ಹುಡುಕಿಕೊಂಡು ಹೊರಟಳು. ತಾನಂತೂ ತಪ್ಪಿಸಿಕೊಂಡಾಯ್ತು. ಆ ಕುಸುಮ್‌ಬೆನ್‌ಗೂ ಎಚ್ಚರ ಹೇಳಬೇಡವೇ?

ತುಟಿಗೆ ಬಣ್ಣ ಹಚ್ಚಿದ ಹೆಂಗಸೊಬ್ಬಳು ಬಾಗಿಲು ತೆರೀತಾಳೆ ಅಂದುಕೊಂಡಿದ್ದಳು.

ಬಾಗಿಲು ತೆರೆದೇ ಇತ್ತು. ಒಳಗೆ ಉಯ್ಯಾಲೆಯ ಮೇಲೆ ದಪ್ಪ ಕನ್ನಡಕದ, ಬೊಚ್ಚುಬಾಯಿಯ ಒಬ್ಬ ಮುದುಕಿ!

"ಮಾಸಿ... ಇಲ್ಲಿ ಕುಸುಮ್‌ಬೆನ್ ಅಂತ..."

"ನಾನೇ ಕಣಮ್ಮ. ಸಾಲ್ ಮುಬಾರಕ್. ಬಾ, ಘೂಘರಾ ತಗೋ, ಸಿಹಿ ಕರಿಗಡುಬು. ಹಲ್ಲಿದ್ದವರು ತಿನ್ನಲಿ ಅಂತಾನೇ ಗರಿಗರಿಯಾಗಿ ಮಾಡಿದೀನಿ."

ಜಾಗೃತಿ ಒಳಗೆ ಬಂದಳು. "ಮಾಸಿ, ಬಕುಲ್‌ಭಾಯಿ ಅಂತ ಒಬ್ಬರು ನಿಮ್ಮ ಮನೆಗೆ ಬರ್ತಾರಂತೆ. ನಿಮ್ಮ ದುಡ್ಡಿಗೆಲ್ಲ ಅವರೇ ನಾಮಿನಿಯಂತೆ. ಸ್ವಲ್ಪ ಹುಷಾರಾಗಿ..."

"ಅಳಿಯನ ಹತ್ತಿರ ಹುಷಾರಾಗಿ ಇರಬೇಕಾ?"

"ಅ... ಅಳಿಯ?"

ಮುದುಕಿ ಉಯ್ಯಾಲೆ ನಿಲ್ಲಿಸಿದಳು.

"ನನ್ನ ಮಗಳು ಸೇಜಲ್‌ನ ಗಂಡ. ಅವಳು ದುಡಿದಿಟ್ಟ ದುಡ್ಡಿಗೆಲ್ಲ ಅಪ್ಪನನ್ನ ನಾಮಿನಿ ಮಾಡಿದ್ದಳು. ಅಪ್ಪ ಮೊದಲು ಹೋದರು, ಹೆಸರು ಹಾಗೇ ಉಳೀತು. ಆಮೇಲೆ ಅವಳೂ ಹೋದಳು." ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಆ ದುಡ್ಡು ಬಿಡಿಸೋಕೆ ಈ ಹುಡುಗ ಹತ್ತದ ಕಚೇರಿ ಇಲ್ಲ, ಬೇಡದ ಗುಮಾಸ್ತ ಇಲ್ಲ. ಬಂದಿದ್ದನ್ನೆಲ್ಲ ನನ್ನ ಹೆಸರಿಗೆ ಇಟ್ಟ. ಅವನ ಹೆಸರು ಬರೆಸಿದ್ದು ನಾನು. ಬೇಡ ಅಂದ, ಚೆನ್ನಾಗಿ ಬೈದು ಬರೆಸಿದೆ. ಅವತ್ತಿನಿಂದ ಅವನಿಗೊಂದು ಹುಚ್ಚು. ಸಿಕ್ಕಸಿಕ್ಕವರನ್ನೆಲ್ಲ ನಿಮ್ಮ ನಾಮಿನಿ ಯಾರು ಅಂತ ಕೇಳ್ತಾನೆ. ಮೊನ್ನೆ ಒಂದು ಮದುವೆಯಲ್ಲಿ ಮದುಮಗನನ್ನೇ ಕೇಳಿದ!"

ಜಾಗೃತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಇಂಥವನನ್ನ ಹಬ್ಬದ ದಿನ, ಅಷ್ಟು ಜನರ ಮುಂದೆ...

"ಬಕುಲ್ ಹೇಳ್ತಿದ್ದ ಆ ನೀಲಿ ಸೀರೆಯವಳು ನೀನೇ ತಾನೇ?" ಮುದುಕಿ ಕಣ್ಣು ಕಿರಿದು ಮಾಡಿದಳು. "ನನಗೂ ನಿನ್ನ ಮೇಲೆ ಅನುಮಾನ ಇತ್ತು. ನನ್ನ ಅಳಿಯನ ಅಂಗಡಿ ಮೇಲೆ ಕಣ್ಣು ಹಾಕಿದೀಯ ಅಂತ ನಾಲ್ಕು ಜನರ ಹತ್ತಿರ ವಿಚಾರಿಸಿದೆ!"

"ನನ್ನ ಮೇಲಾ?!"

"ಮತ್ತೆ? ಅನುಮಾನ ಪಡೋಕೆ ನೀನೊಬ್ಬಳೇ ಹುಟ್ಟಿದ್ದೀಯಾ?"

ಅಷ್ಟರಲ್ಲಿ ಹೊಸ್ತಿಲಲ್ಲಿ ಚಪ್ಪಲಿ ಸದ್ದು. ಬಕುಲ್! ಅವಳನ್ನು ಕಂಡು ಅವನು ಅಲ್ಲೇ ನಿಂತ.

"ಸಾಲ್ ಮುಬಾರಕ್ ಜಾಗೃತಿಬೆನ್..."

ಅವಳು ಎದ್ದು ನಿಂತಳು. ಕಣ್ಣೀರು ಸುರೀತಿತ್ತು.

"ನಿನ್ನೆ ಯಾಕೆ ಹೇಳಲಿಲ್ಲ? ಅತ್ತೆ ಅಂತ ಒಂದು ಮಾತು ಹೇಳಿದ್ದರೆ ನಾನು..."

"ಹೇಳಿದ್ದರೆ ನೀವು ಖಾತೆ ಮುಚ್ಚುತ್ತಿರಲಿಲ್ಲ."

"ಹಾಗಂದ್ರೆ?"

"ನಿಮ್ಮ ದುಡ್ಡು ನನ್ನ ಅಂಗಡಿಯಲ್ಲಿ ಇರೋವರೆಗೂ ನಾನು ನಿಮ್ಮನ್ನ ಏನನ್ನೂ ಕೇಳೋ ಹಾಗಿರಲಿಲ್ಲ. ಕೇಳಿದ್ದರೆ ದುಡ್ಡಿಗೆ ಅಂತ ನಿಮಗನ್ನಿಸ್ತಿತ್ತು. ನನಗೂ ನನ್ನ ಮೇಲೆ ನಂಬಿಕೆ ಇರ್ತಿರಲಿಲ್ಲ. ಪ್ರತಿ ಭಾನುವಾರ ನಿಮ್ಮ ಜಗಲಿಯಿಂದ ಬಾಯಿ ಕಟ್ಟಿಕೊಂಡು ಎದ್ದು ಬರ್ತಿದ್ದೆ. ನಿನ್ನೆ ಸಹಿ ಹಾಕಿದೆ ನೋಡಿ... ಈಗ ನಾನು ನಿಮ್ಮ ಏಜೆಂಟನಲ್ಲ."

ಬಕುಲ್ ಒಂದು ಹೆಜ್ಜೆ ಒಳಗೆ ಬಂದ.

"ಈಗ ಕೇಳ್ತಿದ್ದೀನಿ. ನೀವು ನಕ್ಕ ಆ ಭಾನುವಾರದಿಂದ ನನಗೆ ನೀವೇ ಬೇಕು ಅನ್ನಿಸಿದೆ. ನಿಮ್ಮ ದುಡ್ಡು ಎಲ್ಲಾದರೂ ಇರಲಿ, ಯಾರ ಹೆಸರಿಗಾದರೂ ಹೋಗಲಿ. ನನಗೆ ಹೇಳಲೂ ಬೇಡಿ."

ಅವಳು ಮಾತಾಡಿದಾಗ ದನಿ ತೀರಾ ಸಣ್ಣದಾಗಿತ್ತು.

"ಮುದುಕಿ ಆದಾಗ ಔಷಧಿಗೆ ಇಷ್ಟು, ಅಡುಗೆಯವಳಿಗೆ ಇಷ್ಟು, ಆಸ್ಪತ್ರೆಗೆ ಇಷ್ಟು ಅಂತ ಎಲ್ಲಾ ಎತ್ತಿಟ್ಟಿದೀನಿ... ಸಂಜೆ ಹೊತ್ತು ಮಾತಾಡೋಕೆ ಯಾರು ಅಂತ ಯೋಚನೆ ಮಾಡೇ ಇಲ್ಲ."

"ಅದಕ್ಕೆ ದುಡ್ಡು ಬೇಕಾಗಿಲ್ಲ. ನಾನು ಬಿಟ್ಟಿ ಬರ್ತೀನಿ."

"ಬಿಟ್ಟಿ ಅಂದ್ರೆ ನನಗೆ ಅನುಮಾನ ಇನ್ನೂ ಜಾಸ್ತಿ!"

ಅತ್ತು ಅತ್ತು ನಕ್ಕಳು. ಅವನೂ ನಕ್ಕ. ಅವನ ಕಣ್ಣೂ ಒದ್ದೆಯಾಗಿದ್ದನ್ನು ಅವಳು ನೋಡಿದಳು. ಎಷ್ಟು ಹುಡುಕಿದರೂ ಅಲ್ಲಿ ಕಲೆ ಸಿಗಲಿಲ್ಲ.

"ನನ್ನ ಸ್ವಭಾವ ಹೋಗಲ್ಲ. ನಿಮ್ಮನ್ನ ದಿನಾ ಪರೀಕ್ಷೆ ಮಾಡ್ತೀನಿ."

"ಮಾಡಿ. ದಿನಾ ಮನೆಯಲ್ಲೇ ಸಿಗ್ತೀನಿ."

ಅವಳು ತಲೆ ತಗ್ಗಿಸಿದಳು. ತನ್ನ ಮನೆ ಜಗಲಿ ದಾಟಿ ಒಳಗೆ ಯಾವ ಗಂಡಸನ್ನೂ ಅವಳು ಕರೆದಿರಲಿಲ್ಲ.

"ಊಟಕ್ಕೆ ಬನ್ನಿ. ಒಳಗೆ... ನಾಳೆ."

"ನಾಳೆಯೇ ಬರ್ತೀನಿ!"

"ಲೇ ಪೆದ್ದುಗಳಾ!" ಉಯ್ಯಾಲೆಯಿಂದ ಕೂಗು ಬಂತು. "ನಾಳೆ ಭಾಯಿಬೀಜ್ ಕಣ್ರೋ! ತಂಗಿ ಮನೆಗೆ ಅಣ್ಣ ಊಟಕ್ಕೆ ಹೋಗೋ ದಿನ! ನಾಳೆ ಅವಳ ಕೈಯೂಟ ಉಂಡರೆ ಇಡೀ ಊರು ನಿಮ್ಮನ್ನ ನಿಜವಾಗ್ಲೂ ಭಾಯಿ-ಬೆನ್, ಅಣ್ಣತಂಗಿ ಮಾಡಿಬಿಡುತ್ತೆ!"

ಜಾಗೃತಿ ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. ಬಕುಲ್ ಎರಡು ಹೆಜ್ಜೆ ಹಿಂದೆ ಸರಿದ.

"ನಾಳೆ ನಿಮ್ಮ ಬೀದಿ ಕಡೆ ತಲೆ ಹಾಕಿಯೂ ಮಲಗಲ್ಲ!"

ಅವಳು ನಗು ತಡೆದುಕೊಳ್ಳಲಾಗದೆ ಅವನ ಕಡೆ ನೋಡಿದಳು. ಕೆನ್ನೆ ಕೆಂಪಾಗಿತ್ತು.

"ನಾಡಿದ್ದು ಬನ್ನಿ..." ಅಂದಳು. ಒಂದು ಕ್ಷಣ ತಡೆದು, ಭಾಯಿ ಅನ್ನೋದನ್ನು ನುಂಗಿಕೊಂಡು, ಮೊದಲ ಸಲ ಬರೀ ಹೆಸರು ಹಿಡಿದು ಕರೆದಳು. "ಬಕುಲ್."

"ಬರ್ತೀನಿ, ಜಾಗೃತಿ."