ಎಸೆದ ಮುಚ್ಚಳ

"ಫೋಟೋ ತೆಗೆದುಕೊಡು, ಸಾಕು. ಈ ಮುಚ್ಚಳ ಮಾತ್ರ ಬೇರೆ ಮಾಡಬೇಡ." ಹಿಲ್ಕಾ ಅಜ್ಜಿ ಕೈಗವಸನ್ನೂ ಬಿಚ್ಚದೆ ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟಳು. ಅದರ ಮುಚ್ಚಳದ ಮೇಲೆ ಚಾಕುವಿನಿಂದ ಒಂದು ಶಿಲುಬೆ, ಅದರ ಕೆಳಗೆ ಹೋದ ವರ್ಷದ ಅಂಕಿ ಕೆತ್ತಿತ್ತು.

ತೂಕ್ಕಾ ನಕ್ಕ. ಹೆಲ್ಸಿಂಕಿ ಬಿಟ್ಟು ಈಸಲ್ಮಿ ಎಂಬ ಸಣ್ಣ ಊರಿಗೆ ಬಂದು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಮೂರು ತಿಂಗಳಾಗಿತ್ತು. ಈ ಕಡೆಯವರ ನಂಬಿಕೆಗಳೆಂದರೆ ಅವನಿಗೆ ಪುಕ್ಕಟೆ ಮನರಂಜನೆ.

"ಏನಜ್ಜಿ, ಇದು ಡಿಸ್ಕೋ, ಗೋರಿಯೋ?"

"ಈ ಗುರುತಿಗೆ ಕರ್ಸಿಕ್ಕೋ ಅಂತೀವಿ. ಯಾರಾದ್ರೂ ಸತ್ತರೆ, ಹೆಣ ಹೊತ್ತು ಹೋಗೋ ಚರ್ಚಿನ ದಾರೀಲಿ ಪೈನ್ ಮರಕ್ಕೆ ಕೆತ್ತತೀವಿ. ಸತ್ತೋನು ಮನೆಗೆ ವಾಪಸ್ ಹೊರಟರೆ ಆ ಗುರುತು ನೋಡ್ತಾನೆ, ತಾನು ಸತ್ತಿದ್ದೀನಿ ಅಂತ ಗೊತ್ತಾಗಿ ತಿರುಗಿ ಹೋಗ್ತಾನೆ. ನನ್ನ ಗಂಡ ಉರ್ಪೋ ಮರಕ್ಕೆಲ್ಲ ಬಗ್ಗೋನಲ್ಲ. ಸ್ಮಶಾನದ ಮಣ್ಣು ತಂದು ಕಂಡವರ ಹೊಸ್ತಿಲಲ್ಲಿ ಹೂಳ್ತಿದ್ದ. ಅವನ ಮಾಟ ಮಂತ್ರ ಎಲ್ಲ ಬರೆದಿಟ್ಟಿದ್ದು ಇದರಲ್ಲೇ. ಅದಕ್ಕೇ ಹೋದ ವರ್ಷ ಅವನು ಸತ್ತಾಗ ಇದರ ಮೇಲೇ ಕೆತ್ತಿದೆ. ನನ್ನ ಮಗಳು ಆಯ್ನಿ ಫೋಟೋನೂ ಇದರಲ್ಲೇ. ಎಂಟು ವರ್ಷಕ್ಕೇ ಹೋದಳು ಮಗು. ಬೇರೆ ಒಂದೂ ಇಲ್ಲ."

"ಶುಕ್ರವಾರ ಬನ್ನಿ," ಎಂದ ತೂಕ್ಕಾ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

ಡಿಸ್ಕಿನ ಮೋಟರು ಬಿಗಿದುಕೊಂಡಿತ್ತು. ಮಾಹಿತಿ ತುಂಬಿದ ಒಳಗಿನ ತಟ್ಟೆಗಳನ್ನು ಅದೇ ಜಾತಿಯ ಇನ್ನೊಂದು ಡಿಸ್ಕಿನ ಪೆಟ್ಟಿಗೆಗೆ ಸಾಗಿಸದೆ ದಾರಿಯಿರಲಿಲ್ಲ. ಅಜ್ಜಿಗೆ ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ. ಧೂಳು ಬಾರದ ಗಾಜಿನ ಗೂಡಿನಲ್ಲಿ ಮುಚ್ಚಳ ತೆಗೆದ. ಹಸಿ ಮಣ್ಣಿನ ವಾಸನೆ ಬಂತು. ಹೊರಗೆ ಆಳೆತ್ತರ ಹಿಮ, ಹಸಿ ಮಣ್ಣೆಲ್ಲಿಂದ ಬರಬೇಕು? ತಟ್ಟೆಗಳನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿದ. ಕೆತ್ತಿದ ಮುಚ್ಚಳವನ್ನು ಗುಜರಿ ಬುಟ್ಟಿಗೆ ಎಸೆದ. ಮಧ್ಯಾಹ್ನ ಗುಜರಿ ಲಾರಿ ಬಂದು ಬುಟ್ಟಿಯನ್ನು ಖಾಲಿ ಮಾಡಿಕೊಂಡು ಹೋಯಿತು.

ಡಿಸ್ಕು ಸಣ್ಣಗೆ ಗುಂಯ್‌ಗುಡುತ್ತ ಓದತೊಡಗಿತು. ನೂರಕ್ಕೆ ಹತ್ತು ಭಾಗ ಬಂದಾಗ ತೂಕ್ಕಾನ ಬೆರಳುಗಳು ಜೋಮು ಹಿಡಿದಿದ್ದವು. ಚಳಿಯಿರಬೇಕೆಂದುಕೊಂಡ. ಮೂವತ್ತಕ್ಕೆ ಕಾಫಿಯ ರುಚಿ ಹೋಯಿತು. ಅರವತ್ತಕ್ಕೆ ಸುಟ್ಟ ಚರ್ಮದ ವಾಸನೆ ಬಂತು. ನೋಡಿದರೆ, ಕಾದ ಬೆಸುಗೆ ಕಡ್ಡಿಯ ಮೇಲೆ ತನ್ನದೇ ಹೆಬ್ಬೆರಳು. ನೋವಿರಲಿಲ್ಲ.

ಫೋಟೋಗಳು ಬಂದವು. ಕೆಂಪು ಟೋಪಿಯ ಆಯ್ನಿ, ಮೀನು ಹಿಡಿದು ಹಲ್ಲು ಬಿಟ್ಟ ಆಯ್ನಿ. ಅವನಿಗೂ ಆರು ವರ್ಷದ ಮಗಳಿದ್ದಳು, ಪಿಹ್ಲಾ. ಕರುಳು ಚುರುಕ್ ಎನ್ನಬೇಕಿತ್ತು. ಏನೂ ಅನ್ನಿಸಲಿಲ್ಲ. ಮಂತ್ರದ ಕಡತಗಳನ್ನು ಅವನು ತೆರೆಯಲೇ ಇಲ್ಲ. ಆದರೂ ಅವನ ತುಟಿಗಳು ಗೊತ್ತಿಲ್ಲದ ಯಾವುವೋ ಮಾತುಗಳನ್ನು ಪಿಟಪಿಟನೆ ಹೇಳುತ್ತಿದ್ದವು.

ಶುಕ್ರವಾರ ಅಜ್ಜಿ ಬಂದಳು. ಪರದೆಯ ಮೇಲಿನ ಮಗಳ ಕೆನ್ನೆ ಸವರಿದಳು. ಆಮೇಲೆ ಕೇಳಿದಳು: "ಮುಚ್ಚಳ ಎಲ್ಲಿ?"

"ಗುಜರಿಗೆ ಹೋಯ್ತು."

ಅಜ್ಜಿ ಅವನ ತುಟಿಗಳನ್ನೇ ನೋಡಿದಳು. ಮೆಲ್ಲನೆ ಕರೆದಳು. "ಉರ್ಪೋ?"

ತೂಕ್ಕಾನ ಕತ್ತು ತಿರುಗಿತು. "ಕಾಫಿ ಇಡೇ, ಹಿಲ್ಕಾ. ಮನೆಗೆ ಬಂದಿದ್ದೀನಿ."

ದನಿ ಅವನದಲ್ಲ. ಅವನಿಗೂ ಕೇಳಿಸಿತು. ಬಾಯಿ ಮುಚ್ಚಲು ನೋಡಿದ. ಆಗಲಿಲ್ಲ. ಅಜ್ಜಿ ಸೊಂಟದ ಚಾಕು ಎಳೆದಳು. ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದಳು. ಕೈಯ ಹಿಂಬದಿಗೆ ಉದ್ದಕ್ಕೊಂದು ಗೀರು. ಅಡ್ಡಕ್ಕೊಂದು. ಕೆಳಗೆ ಈ ವರ್ಷದ ಅಂಕಿ. ರಕ್ತ ಹರಿಯಿತು. ನೋವಿಲ್ಲ. ಇನ್ನೂ ಗುಂಯ್‌ಗುಡುತ್ತಿದ್ದ ಡಿಸ್ಕು ನಿಂತಿತು. ಮಣ್ಣಿನ ವಾಸನೆ ಹೋಯಿತು.

"ತಿರುಗಿ ಹೋದ," ಎಂದಳು ಅಜ್ಜಿ. ಅವನ ಕೈಗೆ ಬಟ್ಟೆ ಸುತ್ತಲು ಹೋಗಿ ಅತ್ತುಬಿಟ್ಟಳು. "ನಿನಗೂ ಅರ್ಧ ಸಾವು ಹತ್ತಿದೆ ಮಗಾ. ನನಗೆ ಬೇರೆ ದಾರಿ ಇರಲಿಲ್ಲ."

ಅವನು ಮುದ್ರಿಸಿಟ್ಟಿದ್ದ ಫೋಟೋಗಳನ್ನು ಅವಳು ಎದೆಗವಚಿಕೊಂಡು ಹೋದಳು. ತೂಕ್ಕಾ ಅಂಗಡಿ ಮುಚ್ಚಿ ಮನೆಗೆ ನಡೆದ. ಸುತ್ತಿದ ಬಟ್ಟೆ ದಾರಿಯಲ್ಲೆಲ್ಲೋ ಬಿಚ್ಚಿಬಿತ್ತು. ಕಿಟಕಿಯಲ್ಲಿ ಪಿಹ್ಲಾ ಕೈ ಬೀಸಿದಳು. ಅವನು ಬಾಗಿಲ ಹಿಡಿಗೆ ಕೈ ಚಾಚಿದ.

ಕೈಯ ಮೇಲಿನ ಗುರುತು ಕಣ್ಣಿಗೆ ಬಿತ್ತು. ಶಿಲುಬೆ. ಈ ವರ್ಷದ ಅಂಕಿ. ಓದಿದ. ಇನ್ನೊಮ್ಮೆ ಓದಿದ.

"ಅಪ್ಪಾ, ಬಾ ಒಳಗೆ. ಬಾಗಿಲಿಗೆ ಬೀಗ ಹಾಕಿಲ್ಲ."

ಅಳು ಬರಬೇಕಿತ್ತು, ಬರಲಿಲ್ಲ. ಅವನು ಕೈಯನ್ನು ಹಿಂದಕ್ಕೆಳೆದುಕೊಂಡು, ತಿರುಗಿ, ಚರ್ಚಿನ ದಾರಿ ಹಿಡಿದ.